ಕನ್ನಡಿಯಲ್ಲಿ ಎಡಗಾಲು

ಆನೆಯೇ ತುಳಿದಿರಬೇಕು ಅಂತ
ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ನಂಬಿಕೆ.
ಹತ್ತೊಂಬತ್ತು ವರ್ಷ ಆನೆ ಕಾವಲಿಗೆ ಹೋದವನ
ಪ್ಯಾಂಟು ಮೊಣಕಾಲ ಕೆಳಗೆ ಮಡಚಿ ಪಿನ್ನು ಹಾಕಿದ್ದರೆ
ಇನ್ನೇನು ತಾನೆ ಅಂದುಕೊಂಡಾರು?
ನಾನೂ ಅಲ್ಲವೆನ್ನುವುದಿಲ್ಲ. ಚಹಾ ಕೊಡಿಸುತ್ತಾರೆ.

ನಿಜಕ್ಕೂ ಅದು ಬೂಟಿನೊಳಗೆ ಹೊಕ್ಕ
ಕಾಫಿಬೀಜದಷ್ಟು ಒಂದು ಕಲ್ಲು.
ಬೆಳಗಿನಿಂದ ಸಂಜೆತನಕ ಅದರ ಮೇಲೇ ನಡೆದೆ,
ಮಾಲ್ದಾರೆಯಿಂದ ಗುಹ್ಯದವರೆಗೆ,
ಮುರುಕುಬಾಲದ ಒಂಟಿಸಲಗದ ಹಿಂದೆ.
ಸಕ್ಕರೆ ಕಾಯಿಲೆ ಪಾದವನ್ನು ಎಂದೋ ಮಲಗಿಸಿಬಿಟ್ಟಿತ್ತು;
ಸಾಕ್ಸು ಕಳಚುವಾಗ ರಕ್ತ ನೋಡಿ
ಯಾರದಿದು ಎಂದು ಕೇಳಿದೆ.

ಇದ್ದಾಗ ಒಂದು ದಿನವೂ ಹೇಳಿಕೊಳ್ಳದ ಕಾಲು
ಮೈಸೂರಿನ ಆಸ್ಪತ್ರೆಯಲ್ಲಿ ಬಿಟ್ಟುಬಂದ ಮೇಲೆ
ಬಾಯಿಬಿಟ್ಟಿತು.
ರಾತ್ರಿ ಎರಡರ ಹೊತ್ತಿಗೆ
ಇಲ್ಲದ ಐದು ಬೆರಳೂ ಮುದುಡಿ
ಇಲ್ಲದ ಅಂಗಾಲಿಗೆ ಇಲ್ಲದ ಉಗುರು ಊರುತ್ತವೆ.
ಕಚ್ಚಿಕೊಳ್ಳುವ ಹಲ್ಲು ಮಾತ್ರ ಇರುವಂಥದ್ದು.

ನಾನು ಹೆಜ್ಜೆ ಓದುವವನು.
ಕೆಸರಲ್ಲಿ ಮೂಡಿದ ತಟ್ಟೆಯಗಲದ ಗುರುತು ನೋಡಿ
ಗಂಡೋ ಹೆಣ್ಣೋ, ಮರಿ ಜೊತೆಗಿದೆಯೋ,
ಲದ್ದಿ ಮುಟ್ಟಿ, ಹೋಗಿ ಎಷ್ಟು ಹೊತ್ತಾಯಿತು, ಹೇಳಬಲ್ಲೆ.
ಇದು ಗುರುತೇ ಬಿಡದ ಪ್ರಾಣಿ.
ಯಾವ ತೋಟದವರಿಗೆ ಮೆಸೇಜು ಕಳಿಸಲಿ?
ಯಾವ ಕಡೆಗೆ ಪಟಾಕಿ ಹಚ್ಚಲಿ?

ಅಮ್ಮತ್ತಿ ಆಸ್ಪತ್ರೆಯ ಸಫೂರಾ,
ನನ್ನ ಮಗಳಿಗಿಂತ ಚಿಕ್ಕವಳು, ಹೇಳಿದಳು:
"ಉತ್ತಯ್ಯಣ್ಣ, ಕಾಲು ಹೋಗಿದ್ದು ಕಾಲಿಗೆ ಗೊತ್ತು.
ತಲೆಗೆ ಯಾರೂ ತಿಳಿಸಿಲ್ಲ.
ಅದಿನ್ನೂ ಕೂಗಿ ಕೂಗಿ ಕರೀತಾ ಇದೆ,
ಉತ್ತರ ಬಾರದ್ದಕ್ಕೆ ದನಿ ಏರಿಸ್ತಾ ಇದೆ.
ಒಂದು ಕನ್ನಡಿ ತನ್ನಿ, ಉದ್ದದ್ದು."

ತಂಗವೇಲು ತನ್ನ ಸಲೂನಿನ ಹಳೇ ಕನ್ನಡಿ ಕೊಟ್ಟ.
ಮೂಲೆಯಲ್ಲಿ ಪಾದರಸ ಕಿತ್ತದ್ದು,
ಕೆಳಗೆ ಕೆಂಪಕ್ಷರದಲ್ಲಿ 'ಸಾಲ ಕೇಳಬೇಡಿ'.
ಎರಡು ತೊಡೆಯ ನಡುವೆ ನಿಲ್ಲಿಸಿಕೊಂಡು
ಬಲಕ್ಕೆ ಬಾಗಿ ನೋಡಿದರೆ,
ಅಯ್ಯೋ, ಬಂದುಬಿಟ್ಟಿದೆ!
ಉಗುರು ಸಹಿತ, ಕೂದಲು ಸಹಿತ,
ಬಲಗಾಲಿಗೆ ಮಾತ್ರ ಇದ್ದ ಕತ್ತಿಗಾಯದ ಗೆರೆಯಲ್ಲೂ
ಪಾಲು ತೆಗೆದುಕೊಂಡು ಬಂದಿದೆ.

"ಬಲಗಾಲಿನ ಬೆರಳು ಬಿಚ್ಚಿ, ಮೆಲ್ಲಗೆ.
ಕಣ್ಣು ಕನ್ನಡಿಯಲ್ಲೇ ಇರಲಿ."
ಬಿಚ್ಚಿದೆ.
ಅತ್ತ, ಮುಷ್ಟಿಯಾಗಿದ್ದದ್ದು
ಹೆಬ್ಬೆರಳಿಂದ ಶುರುವಾಗಿ
ಒಂದೊಂದಾಗಿ ಸಡಿಲಿತು.
ಸುಳ್ಳೆಂದು ನನಗೆ ಗೊತ್ತು, ಸಫೂರಾಗೆ ಗೊತ್ತು,
ತಂಗವೇಲುವಿನ ಕನ್ನಡಿಗೂ ಗೊತ್ತು.
ನೋವಿಗೆ ಗೊತ್ತಿರಲಿಲ್ಲ.
ಅಳ್ತಾ ಇದ್ದೀರಾ ಅಂದಳು. ಬೆವರು ಅಂದೆ.

ಈಗ ಕೆಲವು ರಾತ್ರಿ ಕನ್ನಡಿಯೂ ಬೇಡ.
ಕಣ್ಣು ಮುಚ್ಚಿ ಎರಡೂ ಕಾಲನ್ನು ಎಬ್ಬಿಸಿ
ಲೈನ್ ಮನೆಗಳ ಹಿಂದಿನಿಂದ, ಮೆಣಸಿನ ಬಳ್ಳಿ ತಪ್ಪಿಸಿ,
ಕರಡಿಗೋಡಿನ ಹೊಳೆಗೆ ಇಳಿಸುತ್ತೇನೆ.
ಬಲ ಮೊದಲು. ಆಮೇಲೆ ಎಡ.
ಜನವರಿಯ ನೀರು; ಮೊಣಕಾಲಿಗೆ ಬರುವಷ್ಟರಲ್ಲಿ
ಕಚ್ಚಿದ್ದ ಹಲ್ಲು ಬಿಟ್ಟುಕೊಂಡು
ಚಳಿಗೆ ಕಟಕಟ ಅನ್ನುತ್ತದೆ.
ಆನೆ ಎದುರಾದಾಗ ಮಾಡುತ್ತಿದ್ದದ್ದೂ ಇಷ್ಟೆ:
ಓಡದೆ, ಬೈಯದೆ, ಗಾಳಿ ಯಾವ ಕಡೆಗಿದೆ ನೋಡಿಕೊಂಡು
ಅದಕ್ಕೆ ಹೋಗಲು ದಾರಿ ಬಿಟ್ಟು ನಿಲ್ಲುವುದು.

ಎಲ್ಲ ರಾತ್ರಿಯೂ ಹೋಗುತ್ತದೆಂದಲ್ಲ.
ಮೊನ್ನೆ ಬೆಳಕು ಹರಿಯುವತನಕ ತೋಟದಲ್ಲೇ ಇತ್ತು,
ಹೊಳೆ, ಕನ್ನಡಿ, ಮಾತ್ರೆ, ಯಾವುದಕ್ಕೂ ಜಗ್ಗದೆ.
ಪೊನ್ನವ್ವ ಎದ್ದು ದೀಪ ಹಾಕಿದಳು.
ಎಲ್ಲಿ ಅಂತ ಕೇಳಿದಳು.
ಹಾಸಿಗೆಯ ಬರಿದಾದ ಜಾಗ ತೋರಿಸಿದೆ.
ಕೂರಲು ಬಂದವಳು
ಅಲ್ಲಿ ಕೂರಲಿಲ್ಲ.
ಸುತ್ತಿ ಆಚೆ ಬದಿಯಿಂದ ಬಂದು
ಹೊದಿಕೆಯ ತುದಿಯನ್ನು
ತುಸು ಎತ್ತಿ ಹಿಡಿದು,
ಭಾರ ಬೀಳದ ಹಾಗೆ,
ಅದರ ಮೇಲೂ ಹೊದೆಸಿದಳು.